ಬಾಗಿಲೇ ಪೆಟ್ಟಿಗೆ: ಬೆಳಗಾವಿಯಲ್ಲಿ ಸ್ಪೋರ್ಟ್ಸ್ ಕಾರಿನ ಸ್ಪೀಕರ್ ಬದಲಿಸಿದ ಅನುಭವ

ಮಳೆಗಾಲದಲ್ಲಿ ಹಿಡಿದ ಕೆಲಸ ರಾಜ್ಯೋತ್ಸವ ಕಳೆದ ಮೇಲೆ ಮುಗಿಯಿತು. ಬಾಗಿಲಿನ ಎರಡು ಸ್ಪೀಕರ್, ಅವುಗಳ ಮೇಲಿನ ಎರಡು ಟ್ವೀಟರ್ (ಮೇಲುಸ್ವರಗಳನ್ನು ನುಡಿಸುವ ಸಣ್ಣ ಸ್ಪೀಕರ್), ಇಷ್ಟು ಬದಲಿಸಲು ಇಷ್ಟು ತಿಂಗಳೇ ಎಂದು ಕೇಳುವ ಒಬ್ಬೊಬ್ಬರಿಗೂ ಉತ್ತರ ಹೇಳಿ ಸಾಕಾಗಿದೆ. ಬೆಳಗಾವಿಯಲ್ಲಿ ಇಂಥ ಕಾರು ಇಟ್ಟುಕೊಂಡ ಕೆಲವರು ಈ ಕೆಲಸಕ್ಕೆ ಕಾರನ್ನು ಪುಣೆಗೋ ಬೆಂಗಳೂರಿಗೋ ಕಳುಹಿಸುತ್ತಾರೆ. ಕಳುಹಿಸಬೇಕಾಗಿಲ್ಲ. ಆದರೆ ಇಲ್ಲೇ ಮಾಡಿಸುವುದಾದರೆ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ಮೊದಲೇ ಗೊತ್ತಿರಬೇಕು.

ನಾನು ಟಿಳಕವಾಡಿಯಲ್ಲಿ ದವಾಖಾನೆ ಇಟ್ಟುಕೊಂಡಿರುವ ದಂತವೈದ್ಯೆ. ಕಾರಿಗೆ ಎರಡೇ ಸೀಟು, ಮಡಚಿಕೊಂಡು ಡಿಕ್ಕಿಯೊಳಗೆ ಕೂರುವ ಛಾವಣಿ, 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಕಂಪನಿಯ ಹೆಸರು ಬೇಡ. ಹೇಳುವುದರಲ್ಲಿ ಹೆಚ್ಚಿನದು ಈ ಜಾತಿಯ ಕಾರುಗಳಿಗೆಲ್ಲ ಹೊಂದುತ್ತದೆ. ಪುಣೆಯಲ್ಲಿ ಒಬ್ಬರು ಓಡಿಸಿದ್ದನ್ನು ಕೊಂಡೆ. ಎಂಎಚ್ 12 ಹೋಗಿ ಕೆಎ 22 ಬರುವವರೆಗಿನ ಓಡಾಟ ಬೇರೆಯೇ ಒಂದು ಪುರಾಣ. ಅದರಿಂದ ಇಲ್ಲಿಗೆ ಬೇಕಾದ ಮಾತು ಒಂದೇ: 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಅದೆಲ್ಲ ಮುಗಿದು, ವಿಮೆಯ ಕಾಗದದಲ್ಲೂ ಹೊಸ ಸಂಖ್ಯೆ ಮತ್ತು ನಿಮ್ಮ ಹೆಸರು ಬಂದ ಮೇಲೆಯೇ ಸ್ಪೀಕರಿಗೆ ಕೈಹಾಕಿ.

ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಂದೂಸ್ತಾನಿ ಸಂಗೀತದ ಹುಚ್ಚು. ಮಾವನವರು ಹಾಡುತ್ತಾರೆ, ಮಿರಜದಿಂದ ತಂದ ದೊಡ್ಡ ತಂಬೂರಿ ಪಡಸಾಲೆಯ ಮೂಲೆಯಲ್ಲಿ ಸದಾ ಶ್ರುತಿಯಲ್ಲಿರುತ್ತದೆ. ಕಾರಿನಲ್ಲಿ ಖಯಾಲ್ ಹಾಕಿದರೆ ತಂಬೂರಿಯ ಮೂರು ತಂತಿ ಕೇಳಿಸಿ ನಾಲ್ಕನೆಯದು, ಎಲ್ಲಕ್ಕಿಂತ ಕೆಳಗಿನ ಸ್ವರದ ಖರ್ಜದ ತಂತಿ, ಮಾಯವಾಗುತ್ತಿತ್ತು. ಧ್ವನಿ ಏರಿಸಿದರೆ ಎಡಬಾಗಿಲು ಗರಗರ ಎನ್ನುತ್ತಿತ್ತು. ಕಾಳಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ, ಶ್ರುತಿಯಲ್ಲಿ ಮಧ್ಯ ಸಪ್ತಕದ ಷಡ್ಜ ಸುಮಾರು 138 ಹರ್ಟ್ಸ್. ಖರ್ಜದ ತಂತಿ ಅದರ ಅರ್ಧ, 69. ಸಣ್ಣ ಕಾರಿನ ಬಾಗಿಲಲ್ಲಿ ಸ್ಪೀಕರಿನ ತೆಳುವಾದ ಕಾಗದದ ಶಂಕು, ಅಂದರೆ ಕಂಪಿಸಿ ಸದ್ದು ಮಾಡುವ ಭಾಗ, ಸೋಲುವುದು ಇದೇ ಜಾಗದಲ್ಲಿ. ಅದಕ್ಕೂ ಮಿಗಿಲಾಗಿ ಟೈರಿನ ಸದ್ದು, ರಸ್ತೆಯ ಗುಡುಗುಡು ಎಲ್ಲವೂ ಇದೇ ಕೆಳಗಿನ ಸ್ವರಗಳಲ್ಲಿ ಬಂದು ಸಂಗೀತವನ್ನು ಮುಚ್ಚುತ್ತವೆ. ಸ್ಪೋರ್ಟ್ಸ್ ಕಾರಿನ ಅಗಲ ಟೈರು, ಬಿಗಿಯಾದ ಸಸ್ಪೆನ್ಷನ್, ಮಡಚುವ ಛಾವಣಿ, ಮೂರೂ ಸೇರಿದರೆ ಕೇಳುವುದೇನು!

ನನ್ನ ಕಾರಿನ ಅಧಿಕೃತ ಸರ್ವಿಸ್ ಕೇಂದ್ರ ಬೆಳಗಾವಿಯಲ್ಲಿಲ್ಲ. ಫೋನಿನಲ್ಲಿ ವಿಚಾರಿಸಿದಾಗ ಮೂಲ ಸ್ಪೀಕರ್ ಒಂದಕ್ಕೇ 14,000 ರೂಪಾಯಿ, ಬರಲು ಎರಡು ತಿಂಗಳಾದರೂ ಬೇಕು ಎಂದರು. ಅದೇ ಕಾಗದದ ಶಂಕುವಿಗೆ ಅಷ್ಟು ಕೊಡುವ ಮನಸ್ಸಾಗಲಿಲ್ಲ. ಊರಿನ ಅಂಗಡಿಗಳನ್ನು ಸುತ್ತಲು ಹೊರಟೆ.

ಮೊದಲ ಅಂಗಡಿಯವರು ಕಾರನ್ನು ಮೂರು ಸುತ್ತು ಹಾಕಿ ನೋಡಿ, "ಮೇಡಂ, ಮನೆಯವರನ್ನೂ ಕರೆದುಕೊಂಡು ಬನ್ನಿ, ಎಲ್ಲ ವಿವರಿಸಿ ಹೇಳುತ್ತೇನೆ" ಎಂದರು. ನನ್ನ ಮನೆಯವರಿಗೆ ಈ ಕಾರಿನ ಬಾನೆಟ್ ತೆರೆಯುವುದು ಹೇಗೆಂದೂ ಗೊತ್ತಿಲ್ಲ. ಇನ್ನೊಂದು ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ 350 ವ್ಯಾಟ್ ತೋರಿಸಿ ಮನವೊಲಿಸಲು ನೋಡಿದರು. ಆ ಅಂಕಿ ಕ್ಷಣಮಾತ್ರದ ಗರಿಷ್ಠ. ಸ್ಪೀಕರ್ ಸತತವಾಗಿ ತಾಳಿಕೊಳ್ಳುವುದು ಆರ್‌ಎಂಎಸ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವ ಅಂಕಿ, ಆ ಪೆಟ್ಟಿಗೆಯಲ್ಲಿ ಅದು 60. ಇನ್ನು ಕಾರಿನ ಸ್ಟೀರಿಯೊ ಕೊಡುವುದಾದರೂ ಎಷ್ಟು? ಶಕ್ತಿ ಹೆಚ್ಚಿಸುವ ಬೇರೆ ಆಂಪ್ಲಿಫೈಯರ್ ಇಲ್ಲದ ಕಾರುಗಳಲ್ಲಿ ಒಂದೊಂದು ಸ್ಪೀಕರಿಗೆ ನಿಜವಾಗಿ ಹೋಗುವುದು 15ರಿಂದ 20 ವ್ಯಾಟ್. ಹೀಗಿರುವಾಗ 350 ಎಂಬ ಅಕ್ಷರಕ್ಕೆ ದುಡ್ಡು ಕೊಡುವುದು ಬರೀ ಅಚ್ಚಿನ ಖರ್ಚು.

ಕೊನೆಗೆ ಖಾನಾಪುರ ರಸ್ತೆಯ ಕಡೆ ಒಂದು ಸಣ್ಣ ಅಂಗಡಿ ಸಿಕ್ಕಿತು. ಮಾಲೀಕರು ಹೆಚ್ಚು ಮಾತನಾಡುವವರಲ್ಲ. ಕಾರಿನಲ್ಲಿ ಕುಳಿತು ಎಡಬಾಗಿಲಿಗೆ ಅಂಗೈ ಒತ್ತಿ ಹಿಡಿದರು, ಗರಗರ ನಿಂತಿತು. ಕೈ ತೆಗೆದರು, ಮತ್ತೆ ಶುರು. "ಸ್ಪೀಕರ್ ಹಳೆಯದಾಗಿದೆ, ನಿಜ. ಆದರೆ ಹಾಡುತ್ತಿರುವುದು ಬಾಗಿಲು. ಅದನ್ನು ಸುಮ್ಮನಾಗಿಸದೆ ಎಷ್ಟು ದುಡ್ಡಿನ ಸ್ಪೀಕರ್ ಹಾಕಿದರೂ ಇದೇ ಆಗುತ್ತದೆ ಮೇಡಂ" ಎಂದರು. ಅವರ ಬಳಿಯೇ ಕೆಲಸ ಮಾಡಿಸಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ. ಅಂಗಡಿ ಆರಿಸುವಾಗ ನೀವೂ ಇದನ್ನೇ ನೋಡಿ: ಬೆಲೆಪಟ್ಟಿ ತೆಗೆಯುವ ಮೊದಲು ಅವರು ಕಾರಿನಲ್ಲಿ ಕುಳಿತು ಕೇಳುತ್ತಾರೆಯೇ ಎಂದು.

ಏನು ಕೊಳ್ಳಬೇಕೆಂದು ತಿಳಿಯಲು ಮೊದಲು ಬಾಗಿಲು ಬಿಚ್ಚಿ ಅಳತೆ ತೆಗೆಯಬೇಕು. ಇಲ್ಲೊಂದು ಎಚ್ಚರಿಕೆ. ಇಂಥ ಎರಡು ಬಾಗಿಲಿನ ಕಾರುಗಳಲ್ಲಿ ಕಿಟಕಿಗೆ ಚೌಕಟ್ಟು ಇರುವುದಿಲ್ಲ. ಹಿಡಿಕೆ ಎಳೆದ ಕೂಡಲೇ ಗಾಜು ತುಸು ಕೆಳಗಿಳಿದು, ಬಾಗಿಲು ಮುಚ್ಚಿದ ಮೇಲೆ ಏರಿ ರಬ್ಬರಿನೊಳಗೆ ಕೂರುತ್ತದೆ. ಬ್ಯಾಟರಿ ಕಳಚಿದರೆ ಈ ಇಳಿಯುವ ಕೆಲಸ ನಡೆಯುವುದಿಲ್ಲ. ಆಗ ಬಾಗಿಲು ಜೋರಾಗಿ ಮುಚ್ಚಿದರೆ ಗಾಜಿನ ಅಂಚು ರಬ್ಬರಿಗೆ, ಕೆಲವೊಮ್ಮೆ ತಗಡಿಗೆ ಬಡಿಯುತ್ತದೆ. ಆದ್ದರಿಂದ ಮೊದಲು ಎರಡೂ ಗಾಜು ಪೂರ್ತಿ ಇಳಿಸಿ, ಆಮೇಲೆ ಬ್ಯಾಟರಿಯ ಋಣ ತುದಿ ಕಳಚಿ. ಮತ್ತೆ ಜೋಡಿಸಿದ ನಂತರ ಗಾಜಿನ ಮೋಟಾರಿಗೆ ಮೇಲು ಕೆಳಗಿನ ಮಿತಿಯನ್ನು ಮರಳಿ ಕಲಿಸಬೇಕಾಗುತ್ತದೆ. ಕ್ರಮ ಕಾರಿನ ಕೈಪಿಡಿಯಲ್ಲಿದೆ.

ಬಾಗಿಲಿನ ಒಳಹೊದಿಕೆ ಮೂರು ಅಡಗು ತಿರುಪು ಮತ್ತು ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ನಿಂತಿರುತ್ತದೆ. ಒಂದು ತಿರುಪು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಮಾಲೀಕರ ಶಿಷ್ಯ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಹುಡುಕುತ್ತಿದ್ದ. ನಾನು ಚೀಲದಿಂದ ಬಾಯಿ ನೋಡುವ ಕನ್ನಡಿ ತೆಗೆದುಕೊಟ್ಟೆ. ದವಡೆಹಲ್ಲಿನ ಹಿಂಬದಿ ಕಾಣುವ ಕನ್ನಡಿಗೆ ಹಿಡಿಕೆಯ ಒಳಗಿನ ತಿರುಪು ಕಾಣದೆ ಇರುತ್ತದೆಯೇ? ಅಲ್ಲಿಂದ ಮುಂದೆ ಆ ಕನ್ನಡಿ ಅಂಗಡಿಯಲ್ಲೇ ಉಳಿಯಿತು. ಕ್ಲಿಪ್‌ಗಳಲ್ಲಿ ಕೆಲವು ಮುರಿಯುವುದು ಖಚಿತ. ಹಳೆಯ ಪ್ಲಾಸ್ಟಿಕ್ ಒಣಗಿರುತ್ತದೆ. ಒಂದು ಡಜನ್ ಹೊಸವನ್ನು ಮುಂಚೆಯೇ ತರಿಸಿಟ್ಟುಕೊಳ್ಳಿ, ಇಲ್ಲವಾದರೆ ಅದೇ ಹೊಸ ಗರಗರಕ್ಕೆ ಕಾರಣವಾಗುತ್ತದೆ.

ಒಳಗೆ ನೋಡಿದರೆ ಸ್ಪೀಕರಿಗೆ ತಿರುಪೇ ಇಲ್ಲ, ರಿವೆಟ್ ಹೊಡೆದು ಕೂರಿಸಿದ್ದಾರೆ. ಅವುಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು, ಉದುರಿದ ಲೋಹದ ಪುಡಿಯನ್ನು ಒಂದು ಕಣವೂ ಬಿಡದೆ ಹೀರಿಸಬೇಕು. ಬಿಟ್ಟರೆ ಬೆಳಗಾವಿಯ ಮಳೆಗೆ ಅದು ತುಕ್ಕು ಹಿಡಿದು ಬಾಗಿಲನ್ನೇ ತಿನ್ನುತ್ತದೆ. ಹಳೆಯ ಸ್ಪೀಕರಿನ ಅಂಚಿನ ಫೋಮ್ ಬೆರಳು ತಾಗಿದೊಡನೆ ಪುಡಿಯಾಯಿತು.

ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ ನೋಡಲು ಮಲ್ಟಿಮೀಟರ್ ಹಿಡಿದಾಗ 1.8 ಓಮ್ ತೋರಿಸಿತು. ಇದು ಮುಖ್ಯ. ಮಾರುಕಟ್ಟೆಯ ಸ್ಪೀಕರುಗಳಲ್ಲಿ ಹೆಚ್ಚಿನವು 4 ಓಮಿನವು. ಮೀಟರಿನಲ್ಲಿ ಅವು ಸುಮಾರು 3.2ರಿಂದ 3.6 ತೋರಿಸುತ್ತವೆ. ನನ್ನ ಕಾರಿನದು 2 ಓಮಿನದು ಎಂದಾಯಿತು. ಅದೇ ಸ್ಟೀರಿಯೊಗೆ 4 ಓಮಿನ ಸ್ಪೀಕರ್ ಜೋಡಿಸಿದರೆ ಹೋಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅಂದರೆ 3 ಡೆಸಿಬೆಲ್ ನಷ್ಟ. ದುಬಾರಿ ಸ್ಪೀಕರ್ ಹಾಕಿಸಿಕೊಂಡ ಮೇಲೆ ಮೊದಲಿಗಿಂತ ಮೆಲ್ಲಗೆ ಕೇಳುತ್ತದೆ ಎಂದು ಗೊಣಗುವವರ ಕಥೆಯ ಹಿಂದೆ ಬಹಳ ಸಲ ಇರುವುದು ಇದೇ.

ಸೂಕ್ಷ್ಮತೆಯ, ಅಂದರೆ ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬುದರ, ಅಂಕಿಯಲ್ಲೂ ಒಂದು ಚಮತ್ಕಾರವಿದೆ. 3 ಡೆಸಿಬೆಲ್ ಹೆಚ್ಚಿನ ಸೂಕ್ಷ್ಮತೆ ಎಂದರೆ ಅರ್ಧ ಶಕ್ತಿಗೇ ಅಷ್ಟೇ ಸದ್ದು. ಆದರೆ ಕೆಲವು ಕಂಪನಿಗಳು 1 ವ್ಯಾಟ್ ಕೊಟ್ಟು ಅಳೆದರೆ, ಕೆಲವು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 4 ಓಮಿನ ಸ್ಪೀಕರಿಗೆ ಅಷ್ಟು ವೋಲ್ಟ್ ಕೊಟ್ಟರೆ ಅದು ತಿನ್ನುವುದು 2 ವ್ಯಾಟ್. ಹೀಗಾಗಿ ಪೆಟ್ಟಿಗೆಯ ಮೇಲೆ 91 ಎಂದಿದ್ದರೂ ಅದು ಇನ್ನೊಬ್ಬರ 88ಕ್ಕೆ ಸಮ. ಎರಡು ಪೆಟ್ಟಿಗೆ ಅಕ್ಕಪಕ್ಕ ಇಟ್ಟು ಹೋಲಿಸುವಾಗ ಈ ಸಾಲನ್ನು ಹುಡುಕಿ ಓದಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಆಂಪ್ಲಿಫೈಯರ್ ಬೇಕೇ ಬೇಕು ಎಂದಾಯಿತು. ಮಾಲೀಕರ ಸಲಹೆಯಂತೆ ಆರೂವರೆ ಇಂಚಿನ, ಟ್ವೀಟರ್ ಬೇರೆಯಾಗಿರುವ ಕಾಂಪೊನೆಂಟ್ ಜೋಡಿ, ನಾಲ್ಕು ಚಾನೆಲಿನ ಸಣ್ಣ ಡಿ ವರ್ಗದ ಆಂಪ್ಲಿಫೈಯರ್, ಅದರೊಳಗೇ ಧ್ವನಿ ಸಂಸ್ಕರಿಸುವ ಡಿಎಸ್‌ಪಿ. ಸ್ಟೀರಿಯೊ ಮುಟ್ಟುವಂತಿಲ್ಲ; ಹವಾನಿಯಂತ್ರಣದಿಂದ ಹಿಡಿದು ಎಲ್ಲವೂ ಅದರ ಪರದೆಯಲ್ಲೇ ಇವೆ. ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಂಕೇತ ಪಡೆಯುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಆರಿಸಿಕೊಂಡೆವು. ನಿಮ್ಮ ಕಾರಿನಲ್ಲಿ ಮೂಲ ಆಂಪ್ಲಿಫೈಯರ್ ಬೇರೆಯಾಗಿದ್ದರೆ ಅಲ್ಲಿಗೆ ತಾಮ್ರದ ತಂತಿ ಹೋಗಿದೆಯೋ ಬೆಳಕು ಹರಿಸುವ ಫೈಬರ್ ಹೋಗಿದೆಯೋ ಮೊದಲು ನೋಡಿ. ಕೆಲವು ಜರ್ಮನ್ ಕಾರುಗಳಲ್ಲಿ ಮೋಸ್ಟ್ ಎಂಬ ಫೈಬರ್ ಜಾಲ ಇರುತ್ತದೆ. ಅದಕ್ಕೆ ಬೇರೆಯೇ ಸಾಧನ ಬೇಕು, ಖರ್ಚೂ ಬೇರೆ.

ಆನ್‌ಲೈನಿನಲ್ಲಿ ಕೊಂಡರೆ ಕೆಲವು ಸಾವಿರ ಉಳಿಯುತ್ತಿತ್ತು. ಆದರೆ ಹೆಸರಾಂತ ಸ್ಪೀಕರುಗಳ ನಕಲು ಧಾರಾಳವಾಗಿ ಓಡಾಡುತ್ತಿವೆ, ವಿಮೆಗೆ ಜಿಎಸ್‌ಟಿ ಬಿಲ್ಲು ಬೇಕು, ವಾರಂಟಿಗೆ ಅಧಿಕೃತ ವಿತರಕರ ಮುದ್ರೆ ಬೇಕು. ಅಂಗಡಿಯ ಮೂಲಕವೇ ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಪಾರಿಯಿಂದ ತರಿಸಿದೆವು. ಪಾರ್ಸೆಲ್ ಬಿಚ್ಚಿದಾಗ ಒಂದು ಟ್ವೀಟರಿನ ಜಾಲರಿ ತಗ್ಗಾಗಿತ್ತು. ವಾಪಸು ಹೋಯಿತು, ಬದಲಿ ಬರುವುದು ತಡವಾಯಿತು. ಪಾರ್ಸೆಲ್ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರಿಸಿಟ್ಟಿದ್ದರಿಂದ ವಾದ ಬೆಳೆಯಲಿಲ್ಲ.

ಬದಲಿ ಬಂತು ಎನ್ನುವಷ್ಟರಲ್ಲಿ ಗಣೇಶ ಚತುರ್ಥಿ. ಬೆಳಗಾವಿಯ ಗಣೇಶೋತ್ಸವ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಿಸರ್ಜನೆಯ ಮೆರವಣಿಗೆ ಒಂದು ಸಂಜೆ ಹೊರಟರೆ ಮರುದಿನ ಹಗಲಲ್ಲೂ ಬೀದಿಯಲ್ಲೇ ಇರುತ್ತದೆ. ಧ್ವನಿಯ ಕೆಲಸ ಬಲ್ಲ, ಕೈಯಲ್ಲಿ ಸೋಲ್ಡರ್ ಕಡ್ಡಿ ಹಿಡಿಯಬಲ್ಲ ಪ್ರತಿಯೊಬ್ಬನೂ ಯಾವುದೋ ಮಂಡಳದ ಡಿಜೆ ಗಾಡಿಯ ಹಿಂದೆ ಇರುತ್ತಾನೆ. "ಹಬ್ಬ ಕಳೆಯಲಿ ಮೇಡಂ, ಈಗ ನಾನು ನನ್ನ ಮನೆಗೇ ಸಿಗುತ್ತಿಲ್ಲ" ಎಂದು ಮಾಲೀಕರು ಕೈಮುಗಿದರು. ನವೆಂಬರ್ 1ರ ಆಸುಪಾಸಿನಲ್ಲೂ ಇದೇ ಕಥೆ. ಚನ್ನಮ್ಮ ವೃತ್ತದ ಕಡೆಗೆ ಊರಿನ ಸ್ಪೀಕರುಗಳೆಲ್ಲ ಹೊರಟಿರುತ್ತವೆ. ಕೆಲಸ ಕೊಡುವವರು ಈ ಎರಡು ಹಬ್ಬಗಳನ್ನು ತಪ್ಪಿಸಿ ಕೊಡಿ.

ಕಾಯುವ ಹೊತ್ತನ್ನು ಉಂಗುರಕ್ಕೆ ಬಳಸಿಕೊಂಡೆ. ಮೂಲ ಸ್ಪೀಕರಿನ ಪ್ಲಾಸ್ಟಿಕ್ ಬುಟ್ಟಿಯೇ ಮುಂದಕ್ಕೆ ಚಾಚಿಕೊಂಡಿತ್ತು. ಹೊಸ ಸ್ಪೀಕರಿಗೆ ಆ ಚಾಚು ಇಲ್ಲ, ಬೋಲ್ಟಿನ ತೂತುಗಳೂ ಬೇರೆ. ನಡುವೆ ಒಂದು ಅಡಾಪ್ಟರ್ ಉಂಗುರ ಬೇಕು. ಹೆಚ್ಚು ಓಡುವ ಕಾರುಗಳಿಗೆ ಅದು ಸಿದ್ಧವಾಗಿ ಸಿಗುತ್ತದೆ, ನನ್ನದಕ್ಕೆ ಸಿಗಲಿಲ್ಲ. ಸಿಗದಿದ್ದರೇನು, ಉದ್ಯಮಬಾಗ್ ಇರುವ ಊರು ಇದು.

ಫೌಂಡ್ರಿ, ಹೈಡ್ರಾಲಿಕ್ಸ್, ಲೇತುಗಳ ಆ ಬೀದಿಗಳಲ್ಲಿ ನಮ್ಮ ದವಾಖಾನೆಗೆ ಬರುವ ಒಬ್ಬ ಕಾಕಾ ಅವರ ವರ್ಕ್‌ಶಾಪ್ ಇದೆ. ಸ್ಪೀಕರ್ ಹಿಡಿದು ಹೋದೆ. "ಡ್ರಾಯಿಂಗ್ ತಂದಿದ್ದೀರಾ ಡಾಕ್ಟರೇ?" ಎಂಬುದೇ ಮೊದಲ ಪ್ರಶ್ನೆ. ತಂದಿದ್ದೆ. ಗಾಜು ಪೂರ್ತಿ ಇಳಿದಾಗ ಬಾಗಿಲ ತಗಡಿನಿಂದ ಗಾಜಿಗೆ ಇರುವ ಅಂತರ 52 ಮಿಲಿಮೀಟರ್. ಸ್ಪೀಕರಿನ ಆಳ 68. ಅಂದರೆ ಉಂಗುರ ಕನಿಷ್ಠ 16 ದಪ್ಪ ಇರಬೇಕು, ಗಾಜಿಗೆ ಒಂದಿಷ್ಟು ಜಾಗವನ್ನೂ ಬಿಡಬೇಕು. ಆದರೆ 22 ಮೀರಿದರೆ ಒಳಹೊದಿಕೆಯ ಜಾಲರಿ ಶಂಕುವಿಗೆ ಒತ್ತುತ್ತದೆ. ಕಾಕಾ ವರ್ನಿಯರ್ ಹಿಡಿದು ತಾವೇ ಮತ್ತೊಮ್ಮೆ ಅಳೆದು 20 ಎಂದು ಬರೆದುಕೊಂಡರು.

ಯಾವುದರಲ್ಲಿ ಮಾಡುವುದು ಎಂಬುದು ಮುಂದಿನ ಚರ್ಚೆ. ಅಂಗಡಿಯವರು ಸಾಮಾನ್ಯವಾಗಿ ಎಂಡಿಎಫ್ ಹಲಗೆ ಕತ್ತರಿಸಿ ಹಾಕುತ್ತಾರೆ. ಬಾಗಿಲ ಒಳಗೆ ಮಳೆನೀರು ಇಳಿಯುತ್ತಲೇ ಇರುತ್ತದೆ. ಗಾಜಿನ ಪಕ್ಕದಿಂದ ಇಳಿದು ಕೆಳಗಿನ ತೂತಿನಿಂದ ಹೋಗುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಎಂಡಿಎಫ್ ಆ ತೇವಕ್ಕೆ ಉಬ್ಬುತ್ತದೆ. ನೈಲಾನ್ ಹೇಗೆ ಎಂದೆ. ಅದೂ ನೀರು ಕುಡಿದು ಅಳತೆ ಬದಲಿಸುತ್ತದೆ ಎಂದರು. ಕೊನೆಗೆ ಅವರಲ್ಲೇ ಉಳಿದಿದ್ದ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ತುಂಡಿನಲ್ಲಿ ತಿರುಗಿಸಿಕೊಟ್ಟರು. ತಗಡಿಗೆ ನೇರವಾಗಿ ತಿರುಪು ಹೊಡೆಯದೆ ರಿವೆಟ್ ನಟ್ ಕೂರಿಸಿ ಬೋಲ್ಟ್ ಬಿಗಿಯಬೇಕು ಎಂದು ಹೇಳಿಕೊಟ್ಟವರೂ ಅವರೇ. ತೆಳುತಗಡಿಗೆ ಹೊಡೆದ ತಿರುಪು ಕಂಪನಕ್ಕೆ ಸಡಿಲವಾಗುತ್ತದೆ. ಎರಡೇ ಉಂಗುರಕ್ಕೆ 2,400 ರೂಪಾಯಿ. ಹೆಚ್ಚಾಯಿತಲ್ಲ ಕಾಕಾ ಎಂದರೆ, "ಎರಡು ಮಾಡಿದರೂ ಇನ್ನೂರು ಮಾಡಿದರೂ ಸೆಟ್ಟಿಂಗ್ ಮಾಡುವ ಶ್ರಮ ಒಂದೇ. ನೀವು ಒಂದು ಹಲ್ಲು ಕಿತ್ತರೆ ಕಡಿಮೆ ತೆಗೆದುಕೊಳ್ಳುತ್ತೀರಾ?" ಎಂದರು. ದುಡ್ಡು ಎಣಿಸಿಕೊಟ್ಟು ಬಂದೆ.

ಈಗ ಬಾಗಿಲಿಗೆ ಬರೋಣ, ಏಕೆಂದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ಸ್ಪೀಕರಿನ ಶಂಕು ಮುಂದಕ್ಕೆ ತಳ್ಳುವಾಗ ಹಿಂಬದಿಯಲ್ಲಿ ಗಾಳಿ ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಬೆರೆತರೆ ಕೆಳಸ್ವರಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದೇ ಎರಡನ್ನೂ ಬೇರೆ ಇಡಲು. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಮಾಡಬೇಕಾದದ್ದು ಬಾಗಿಲು. ಅದೋ, ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು. ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು.

ಹೊರತಗಡಿನ ಒಳಮೈಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದ 2 ಮಿಲಿಮೀಟರ್ ಬ್ಯೂಟೈಲ್ ಎಂಬ ಅಂಟುರಬ್ಬರಿನ ಹಾಳೆ ಹಾಕಿ ರೋಲರಿನಿಂದ ಒತ್ತಿದರು. ಅಗ್ಗದ ಡಾಂಬರು ಹಾಳೆಗಳೂ ಸಿಗುತ್ತವೆ. ಬೇಸಿಗೆಯಲ್ಲಿ ಮೆತ್ತಗಾಗಿ ವಾಸನೆ ಹೊಡೆದು ಕಳಚಿಕೊಳ್ಳುತ್ತವೆ, ಬೇಡ. ತಗಡಿನ ಮೂಲೆಮೂಲೆಗೂ ಅಂಟಿಸಬೇಕಾಗಿಲ್ಲ, ನಡುವಿನ ಸಡಿಲ ಭಾಗಕ್ಕೆ ಅಂಟಿಸಿದರೆ ಕಂಪನ ಸಾಯುತ್ತದೆ. ಈ ಹಾಳೆ ಚದರ ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಹಗುರವಾಗಿರಲೆಂದೇ ಕೊಂಡ ಕಾರಿಗೆ ತೂಕ ಹೇರುವುದು ನನಗೆ ಹಿಡಿಸದ ಕೆಲಸ, ಆದ್ದರಿಂದ ಎರಡನೆಯ ಪದರವನ್ನು ಬೇಡವೆಂದೆ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನು ಮಾತ್ರ ಯಾರಿಗೂ ಮುಚ್ಚಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ಕೆಳಗಿನಿಂದ ಹೊರಬರುತ್ತದೆಯೇ ಎಂದು ಅಲ್ಲೇ ನೋಡಿ.

ಅಂಗಡಿಯವರಲ್ಲಿ ಹಲವರಿಗೆ ಗೊತ್ತಿರದ ಸಂಗತಿಯೂ ಒಂದಿದೆ. ಅನೇಕ ಆಧುನಿಕ ಕಾರುಗಳ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಪಕ್ಕದಿಂದ ಗಾಡಿ ಬಂದು ಗುದ್ದಿದಾಗ ಹೊರತಗಡು ಒಳಕ್ಕೆ ಕುಸಿದು ಒಳಗಿನ ಗಾಳಿ ಹಠಾತ್ತನೆ ಒತ್ತುತ್ತದೆ. ಅದನ್ನು ಗ್ರಹಿಸಿ ಪಕ್ಕದ ಏರ್‌ಬ್ಯಾಗ್ ತೆರೆಯುತ್ತದೆ. ಬಾಗಿಲೊಳಗಿನ ನೀರುತಡೆ ಹೊದಿಕೆಯನ್ನು ಕತ್ತರಿಸಿ ಹಾಗೇ ಬಿಟ್ಟರೆ, ಇಲ್ಲವೇ ಸೆನ್ಸರಿನ ಬಾಯಿಗೆ ಹಾಳೆ ಅಂಟಿಸಿದರೆ ಈ ಲೆಕ್ಕ ತಪ್ಪಬಹುದು. ನನ್ನ ಕಾರಿನಲ್ಲೂ ಅದು ಇತ್ತು. ಮೂಲ ಹೊದಿಕೆಯನ್ನೇ ಬ್ಯೂಟೈಲ್ ಹಗ್ಗದಿಂದ ಮರಳಿ ಅಂಟಿಸಬೇಕೆಂದು ಪಟ್ಟು ಹಿಡಿದೆ.

ಆ ಸೆನ್ಸರಿನ ತಂತಿ ಕಳಚಿದ್ದ ಹೊತ್ತಿಗೇ ಶಿಷ್ಯ ಗಾಜು ಏರಿಸಲೆಂದು ಬ್ಯಾಟರಿ ಜೋಡಿಸಿ ಇಗ್ನಿಷನ್ ಹಾಕಿದ. ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು, ತಂತಿ ಮರಳಿ ಜೋಡಿಸಿದರೂ ಆರಲಿಲ್ಲ. ಹೊಟ್ಟೆಯಲ್ಲಿ ತಣ್ಣಗಾಯಿತು. ಕಾರಿನ ಗಣಕದಲ್ಲಿ ದೋಷ ದಾಖಲಾದ ಮೇಲೆ ಅದನ್ನು ಸ್ಕ್ಯಾನರ್ ಹಾಕಿಯೇ ಅಳಿಸಬೇಕು. ನಮ್ಮ ಜಾತಿಯ ಕಾರಿಗೆ ಹೊಂದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಸಿಗುವವರೆಗೆ ಕಾರು ಅಂಗಡಿಯ ಮುಂದೆಯೇ ನಿಂತಿತ್ತು. ಅವರು ಬಂದು ದೋಷ ಓದಿ, ಸೆನ್ಸರ್ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡು ದೀಪ ಆರಿಸಿದರು; 800 ರೂಪಾಯಿ. ಮಾಲೀಕರೇ ಕೊಡಲು ಬಂದರು. ಹುಡುಗನನ್ನು ಬೈಯಬೇಡಿ ಎಂದು ಹೇಳಿ ನಾನೇ ಕೊಟ್ಟೆ. ಏರ್‌ಬ್ಯಾಗಿನ ತಂತಿಗಳಿಗೆ ಇರುವ ಹಳದಿ ಕನೆಕ್ಟರ್ ಯಾವುದಾದರೂ ಕಳಚಿದ್ದಾಗ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಆಂಪ್ಲಿಫೈಯರ್ ಕೂರಿಸುವ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ತಂತಿ ಗಿಡ್ಡ. 8 ಗೇಜಿನ ತಾಮ್ರದ ತಂತಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಎಂದು ತಿಳಿದವರಿದ್ದಾರೆ. ಅದು ತಂತಿ ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಕಾರು ಸುಡದಂತೆ ಕಾಯುತ್ತದೆ, ಆದ್ದರಿಂದಲೇ ಬ್ಯಾಟರಿಯ ಹತ್ತಿರವಿರಬೇಕು. ತಂತಿ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಛಾವಣಿ ಮಡಚಿ ಬಂದು ಕೂರುವ ಜಾಗದಲ್ಲಿ ಏನೂ ಅಡ್ಡ ಬರುವಂತಿಲ್ಲ. ಛಾವಣಿಯನ್ನು ಮೆಲ್ಲಗೆ ಇಳಿಸುತ್ತಾ ಅದರ ಕೈಗಳು ಹಾದುಹೋಗುವ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಆಮೇಲೆ ತಂತಿ ಎಳೆದರು. ಅದೇ ಕಾರಣಕ್ಕೆ ಕೆಳಸ್ವರಗಳಿಗೆಂದೇ ಇರುವ ದೊಡ್ಡ ಸಬ್‌ವೂಫರ್ ಆಸೆ ಬಿಟ್ಟೆ. ಎಂಜಿನ್ ವೇಗದ ಜೊತೆ ಏರುವ ಸಣ್ಣ ಕೀರಲು ಸದ್ದೊಂದು ಕೇಳುತ್ತಿತ್ತು. ಅರ್ತಿಂಗ್ ಬೋಲ್ಟಿನ ಕೆಳಗಿನ ಬಣ್ಣವನ್ನು ತಗಡು ಹೊಳೆಯುವವರೆಗೆ ಉಜ್ಜಿದ ಮೇಲೆ ಅದು ಹೋಯಿತು.

ಇನ್ನು ಶ್ರುತಿ ಕೂಡಿಸುವುದು. ಬಲಬಾಗಿಲಿನ ಸ್ಪೀಕರ್ ನನ್ನ ಕಿವಿಗೆ ಎಡಬಾಗಿಲಿನದಕ್ಕಿಂತ ಸುಮಾರು 40 ಸೆಂಟಿಮೀಟರ್ ಹತ್ತಿರ. ಧ್ವನಿ ಒಂದು ಮಿಲಿಸೆಕೆಂಡಿಗೆ ಸಾಗುವುದು 34 ಸೆಂಟಿಮೀಟರ್. ಹೀಗಾಗಿ ಬಲಗಡೆಯದು 1.2 ಮಿಲಿಸೆಕೆಂಡ್ ಮೊದಲೇ ಬಂದು, ಗಾಯಕ ನನ್ನ ಬಲಮೊಣಕಾಲಿನ ಬಳಿ ಕುಳಿತು ಹಾಡಿದಂತೆ ಕೇಳುತ್ತಿತ್ತು. ಡಿಎಸ್‌ಪಿಯಲ್ಲಿ ಬಲಗಡೆಯನ್ನು ಅಷ್ಟು ತಡ ಮಾಡಿದರೆ ಎರಡೂ ಒಟ್ಟಿಗೆ ಬರುತ್ತವೆ. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅಂಗಡಿಯವರು ಸಿನಿಮಾ ಹಾಡು ಹಾಕಿದರು. ನಾನು ಹಳೆಯ ಮೋನೊ ಧ್ವನಿಮುದ್ರಣ ಹಾಕಿದೆ, ಕುಮಾರ ಗಂಧರ್ವರದು. 1924ರಲ್ಲಿ ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದವರು, ನಮ್ಮ ಊರಿನ ಸ್ಪೀಕರಿಗೆ ಅವರೇ ಸರಿ. ಮೋನೊದಲ್ಲಿ ಎರಡೂ ಕಡೆ ಒಂದೇ ಸಂಕೇತ ಇರುವುದರಿಂದ ಕಂಠ ಕಾರಿನ ಮುಂಗಾಜಿನ ಮೇಲೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಅಗಲವಾಗಿ ಹರಡಿದರೆ ತಡದ ಲೆಕ್ಕವೋ ತಂತಿಯ ಧನ ಋಣವೋ ತಪ್ಪಿದೆ ಎಂದರ್ಥ.

ಕೆಳಸ್ವರಗಳನ್ನು 80 ಹರ್ಟ್ಸ್‌ಗೆ ಕತ್ತರಿಸಿ ಎಂಬುದು ಎಲ್ಲರೂ ಹೇಳುವ ಮಾತು. ಹಾಗೆ ಮಾಡಿದರೆ ಖರ್ಜದ 69 ಮತ್ತೆ ಕೈಬಿಟ್ಟಂತೆ. 60ಕ್ಕೆ ಇಳಿಸಿದೆವು, ಧ್ವನಿಯನ್ನು ಅತಿಯಾಗಿ ಏರಿಸಿದರೆ ಶಂಕು ಒದ್ದಾಡುತ್ತದೆ, ಆದ್ದರಿಂದ ಏರಿಸುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನವಿಡೀ ಡ್ರಿಲ್ಲಿನ ಸದ್ದಿನಲ್ಲಿ ಇರುವ ನನಗೆ ಕಿವಿಯ ಬೆಲೆ ಗೊತ್ತು.

ಕೊನೆಯ ತೀರ್ಪುಗಾರರು ಮಾವನವರು. ಇಷ್ಟು ತಗ್ಗಿನ ಕಾರಿನೊಳಗೆ ಅವರನ್ನು ಕೂರಿಸುವುದೇ ಒಂದು ಕಸರತ್ತು. ಹಿಂಡಲಗಾ ದಾಟಿ ರಸ್ತೆ ಸ್ವಲ್ಪ ಖಾಲಿಯಾದ ಮೇಲೆ ಹಾಕಿದೆ. ಕಣ್ಣು ಮುಚ್ಚಿ ಕುಳಿತರು. "ಜವಾರಿ ಕೇಳುತ್ತಿದೆಯಮ್ಮ, ಖರ್ಜವೂ ಕೂತಿದೆ. ಆದರೆ ತಬಲಾದವನ ಎಡಗೈ ನನ್ನ ಮೊಣಕಾಲಿನ ಮೇಲೆ ಬಡಿಯುತ್ತಿದೆಯಲ್ಲ" ಎಂದರು. ಜವಾರಿ ಎಂದರೆ ತಂಬೂರಿಯ ತಂತಿಯ ಝೇಂಕಾರ. ಎಡಬಾಗಿಲಿನ ಸ್ಪೀಕರ್ ಅವರ ಕಾಲಿಗೆ ತಾಗಿಕೊಂಡೇ ಇದೆ. ಮರುದಿನ ಆ ಬದಿಯಲ್ಲಿ 120ರಿಂದ 200 ಹರ್ಟ್ಸ್ ನಡುವೆ 2 ಡೆಸಿಬೆಲ್ ಇಳಿಸಿದೆವು. ಈಗ ತಬಲಾದವನು ಮುಂಗಾಜಿನ ಕಡೆಗೆ ಸರಿದಿದ್ದಾನೆ. ಛಾವಣಿ ತೆರೆದು ಹೆದ್ದಾರಿಗೆ ಹೋದರೆ ಗಾಳಿಯ ಮುಂದೆ ಇದಾವುದೂ ನಿಲ್ಲುವುದಿಲ್ಲ. ಅದಕ್ಕೆ ಯಾವ ಸ್ಪೀಕರೂ ಮದ್ದಲ್ಲ, ಅಂಥ ಆಸೆ ತೋರಿಸುವ ಅಂಗಡಿಯವರನ್ನು ನಂಬಬೇಡಿ.

ಲೆಕ್ಕ ಹೀಗಿದೆ. ಸ್ಪೀಕರ್ ಜೋಡಿ 22,000, ಆಂಪ್ಲಿಫೈಯರ್ 34,000, ಬ್ಯೂಟೈಲ್ ಹಾಳೆ 7,500, ತಂತಿ ಫ್ಯೂಸ್ ಕ್ಲಿಪ್ ಎಲ್ಲ ಸೇರಿ 5,200, ಉಂಗುರ 2,400, ಕೂಲಿ 9,000, ಸ್ಕ್ಯಾನರ್ 800. ಒಟ್ಟು 80,900 ರೂಪಾಯಿ. ಕೈ ಬಿಗಿಯಿದ್ದರೆ ಬಾಗಿಲಿಗೆ ಹಾಳೆ ಹಾಕಿಸುವುದರಿಂದ ಶುರು ಮಾಡಿ, ಆಂಪ್ಲಿಫೈಯರ್ ಆಮೇಲೆ ಬರಲಿ. ಮೊದಲು ದುಬಾರಿ ಸ್ಪೀಕರ್ ಕೊಂಡು ಉಳಿದದ್ದಕ್ಕೆ ದುಡ್ಡಿಲ್ಲ ಎನ್ನುವ ಕ್ರಮ ಮಾತ್ರ ಬೇಡ.

ಆರ್‌ಸಿಯಲ್ಲಿ ಸ್ಪೀಕರಿನ ನಮೂದೇ ಇರುವುದಿಲ್ಲ, ಆರ್‌ಟಿಒ ಕಚೇರಿಯ ಕೆಲಸವಿಲ್ಲ. ಆದರೆ ವಿಮೆಯ ಕೆಲಸವಿದೆ. ಕಂಪನಿ ಅಳವಡಿಸದ ವಿದ್ಯುತ್ ಸಾಮಗ್ರಿ ಕಳುವಾದರೆ ಮಾಮೂಲಿ ಪಾಲಿಸಿ ದುಡ್ಡು ಕೊಡುವುದಿಲ್ಲ. ಐಎಂಟಿ 24 ಎಂಬ ಸೇರ್ಪಡೆ ಬರೆಸಬೇಕು. ಸ್ಪೀಕರ್ ಮತ್ತು ಆಂಪ್ಲಿಫೈಯರಿನ 56,000 ರೂಪಾಯಿಗೆ ವರ್ಷಕ್ಕೆ ಶೇಕಡಾ 4ರಂತೆ 2,240, ಅದರ ಮೇಲೆ ತೆರಿಗೆ. ಕೇಳಿದ ಕಾಗದಗಳು: ನೋಂದಣಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲು, ಅಳವಡಿಸಿದ ಮೇಲಿನ ಫೋಟೊ, ಆರ್‌ಸಿ ಪ್ರತಿ. ಬಿಲ್ಲಿನಲ್ಲಿ ಅಂಗಡಿಯವರು ಹಳೆಯ ಎಂಎಚ್ ಸಂಖ್ಯೆ ಬರೆದಿದ್ದರಿಂದ ಅರ್ಜಿ ಒಮ್ಮೆ ಹಿಂದಕ್ಕೆ ಬಂತು. ಬಿಲ್ಲು ಬದಲಿಸಿ ಕೊಟ್ಟ ಮೇಲೆ ಸೇರ್ಪಡೆಯ ಪತ್ರ ಇಮೇಲಿಗೆ ಬಂದಿದೆ. ಹಳೆಯ ಸ್ಪೀಕರುಗಳನ್ನೂ ಅವುಗಳ ಕನೆಕ್ಟರುಗಳನ್ನೂ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಮೂಲ ತಂತಿಯನ್ನು ಎಲ್ಲೂ ಕತ್ತರಿಸದೆ ಜೋಡಣೆಯ ಸಾಕೆಟ್ ಬಳಸಿ ಕೆಲಸ ಮಾಡಿರುವುದರಿಂದ ಕಾರು ಮಾರುವ ದಿನ ಬಂದರೆ ಹೊಸದೆಲ್ಲವನ್ನೂ ಬಿಚ್ಚಿಕೊಳ್ಳಬಹುದು.